ಬೇಳೆ ಬೇಯದ ನೀರು

ನಮ್ಮ ಬೋರಿನ ನೀರಾಗ ಬೇಳೆ ಬೇಯೂದಿಲ್ಲ.
ಅವ್ವ ಬೈತಾಳ, ಕುಕ್ಕರು ಸುಮ್ಮನ ಸೀಟಿ ಹೊಡೀತೈತಿ,
ಬಕೀಟಿನ ತಳದಾಗ ಬೆಳ್ಳಗ ಸುಣ್ಣ ಕೂಡತೈತಿ.
ದಾದಾಪೀರ ಮಾತ್ರ ಒಂದ ಹನಿ ನಾಲಿಗಿಗೆ ಹಚ್ಚಿಕೊಂಡು
"ಅಕ್ಕಾರ, ಆಫ್ರಿಕಾದ ಸರೋವರ ನಿಮ್ಮ ಹಿತ್ತಲದಾಗ ಐತಿ,
ಸಿಕ್ಲಿಡ್ ಸಾಕ್ರಿ" ಅಂದ.

ಕೇಶ್ವಾಪುರದ ಅವನ ಅಂಗಡಿಯಿಂದ ಆರು ಹಳದಿ ಮರಿ,
ಸಿಟಿ ಬಸ್ಸಿನಾಗ ಉಣಕಲ್ ತನಕ
ತೊಡಿ ಮ್ಯಾಲ ಪ್ಲಾಸ್ಟಿಕ್ ಚೀಲ,
ಡ್ರೈವರ್ ಬ್ರೇಕ್ ಒತ್ತಿದಾಗೊಮ್ಮೆ ಮಡಿಲಾಗೊಂದು ತೆರಿ.
"ಗಂಡೆಷ್ಟು, ಹೆಣ್ಣೆಷ್ಟು?" ಅಂತ ಕೇಳಿದ್ದೆ.
"ತಡೀರಿ, ಅವಕ್ಕ ಇನ್ನೂ ಗೊತ್ತಿಲ್ಲ."

ನನ್ನ ಕೆಲಸ ವಿದ್ಯಾನಗರದ ಸ್ಕ್ಯಾನಿಂಗ್ ಸೆಂಟರಿನಾಗ:
ಹೆಸರು ಬರ್ಕೊಳ್ಳೂದು, ಸಹಿ ಮಾಡಿಸೂದು,
ಇನ್ನೊಂದ ಬಾಟ್ಲಿ ನೀರು ಕುಡೀರಿ ಅನ್ನೂದು.
ತಲಿ ಮ್ಯಾಲ ಕೆಂಪು ಅಕ್ಷರದ ಬೋರ್ಡು,
ಇಲ್ಲಿ ಗಂಡು ಹೆಣ್ಣು ತಿಳಿಸಲಾಗುವುದಿಲ್ಲ.
ಹದಿಮೂರು ವರ್ಷ ಅದರ ಕೆಳಗ ಕೂತೇನಿ.
ಅತ್ತೆಂದಿರು ಬಗ್ಗಿ, ಕಿವಿಗೆ ಬಾಯಿ ಹಚ್ಚಿ,
"ಪೇಢೆ ತರೂದೋ ಜಿಲೇಬಿ ತರೂದೋ, ಅಷ್ಟ ಹೇಳವಾ."
ನಾ ಗೋಡಿಗೆ ಕೈ ತೋರಸ್ತೇನಿ.

ಸಂಜೀಕ ಮನಿಗೆ ಬಂದು ಕೈ ತೊಯಿಸಿಕೊಂಡು
ಒಂದೊಂದ ಮೀನು ಅಂಗೈಯಾಗ ಅಂಗಾತ ಮಾಡತೇನಿ.
ಎರಡು ತೂತು. ಸರಿಸಮ ಇದ್ರ ಗಂಡು,
ಹಿಂದಿಂದು ದೊಡ್ಡದಿದ್ರ ಹೆಣ್ಣು.
ಹತ್ತು ಎಣಿಸೂದರಾಗ ನೀರಿಗೆ ಬಿಡಬೇಕು.
ಕೆಳಗಿನ ರೆಕ್ಕಿಗೆ ತತ್ತಿಯಂಥ ಚುಕ್ಕಿ ನೋಡ್ರಿ ಅಂತಾರ,
ಚುಕ್ಕಿ ಹೆಣ್ಣಿಗೂ ಇರತಾವ, ಮಾಸಿದವು.
ಅಂಗೈಗೆ ಬೋರ್ಡಿಲ್ಲ.
ನೋಟಬುಕ್ಕಿನಾಗ ಬರದೆ: ಒಂದು ಗಂಡು, ಐದು ಹೆಣ್ಣು.

ಆ ಒಂದು ಗಂಡು ತಿಂಗಳೊಪ್ಪತ್ತಿನಾಗ ನೀಲಿ ಆತು,
ಮಸಿಗುಡಿಕಿ ಒಡದಂಥಾ ನೀಲಿ.
ಇಡೀ ಗಾಜು ತಂದಂತ ಓಡ್ಯಾಡತಿತ್ತು.
ಕರೆಂಟ್ ಹೋದ ಒಂದ ರಾತ್ರಿ ಗಾಳಿ ಮೋಟರ್ ನಿಂತು ಸತ್ತಿತು.
ಮೂರನೇ ದಿನ,
ಒಡಕ ಗಡಿಗಿ ಹಿಂದ ವರ್ಷವಿಡೀ ಬಾಲ ಮುದುಡಿಕೊಂಡಿದ್ದ
ನನ್ನ ನಾಕನೇ ನಂಬರಿನ ಹೆಣ್ಣು
ಬೆನ್ನಮ್ಯಾಲಿಂದ ನೀಲಿ ಆಗಾಕ ಹತ್ತಿತು.
ಹೊಡತಕ್ಕ ಅಂಜಿ ಹಳದಿ ಉಟ್ಟಿತ್ತು ಅಷ್ಟ.

ರೈಲ್ವೆ ವರ್ಕ್‌ಶಾಪಿನ ಯೇಸುರತ್ನಂ ಮಾಸ್ತರು
ಚಾಳೀಸಿನ ಮ್ಯಾಲ ಭೂತಗನ್ನಡಿ ಹಿಡದು ನೋಡಿದರು.
"ಅವ ನಿಮಗ ಎರಡು ಕಲಸಿ ಕೊಟ್ಟಾನ.
ಬೆನ್ನರೆಕ್ಕಿಗೆ ಕಪ್ಪು ಅಂಚಿಂದು ಲ್ಯಾಬ್, ಅದು ಸಾಯೋತನಕ ಹಳದಿ.
ಇದು ಜೊಹಾನಿ. ಹುಟ್ಟಿದಾಗ ಎಲ್ಲಾವೂ ಹಳದಿ,
ಗಂಡಸುತನ ಬಂದಮ್ಯಾಲ ನೀಲಿ.
ಕೂಡಿಸಬ್ಯಾಡ್ರಿ, ಜಾತಿ ಕೆಡತೈತಿ."
ಅವರು ಹೇಳಿದ್ದು ಖರೆ. ಮೀನಿನ ಲೆಕ್ಕದಾಗ ಖರೆ.
ಆದ್ರ ಆ ಮಾತು ಮೊದಲ ಒಮ್ಮೆ ಕೇಳೇನಿ,
ನಮ್ಮ ಪಡಸಾಲ್ಯಾಗ, ಅಪ್ಪನ ಬಾಯಿಂದ,
ಆಗ ನಮ್ಮನ್ಯಾಗ ಮೀನು ಇರಲಿಲ್ಲ.

ಚಹಾ ಕೊಟ್ಟೆ. ಮಾಸ್ತರಿಗೆ ಹೇಳಲಿಲ್ಲ,
ಕಪ್ಪು ಅಂಚಿನಾಕಿ ಆಗಲೇ ಬಾಯಿ ಮುಚ್ಚಿಕೊಂಡಿದ್ದಳು.
ಗದ್ದ ಕೆಳಗ ಉಬ್ಬಿತ್ತು, ಕಾಳು ಹಾಕಿದರ ಮಾರಿ ತಿರುವತಿದ್ದಳು.
ಇಪ್ಪತ್ತಮೂರು ದಿನ ಉಪಾಸ, ಹೊಟ್ಟಿ ಬೆನ್ನಿಗೆ ಹತ್ತಿತ್ತು,
ಉಳಿದವರು ತಿನ್ನೂದನ್ನ ನೋಡಿಕೋತ,
ಬಾಯ್ತುಂಬ ಬ್ಯಾರೆ ಬಾಯಿ.

ಐತವಾರ ಮುಂಜಾನೆ ಉಗುಳಿದಳು.
ಹತ್ತೊಂಬತ್ತು. ಅಕ್ಕಿನುಚ್ಚಿಗೆ ಕಣ್ಣು ಬರದಂಗ.
ದಾದಾಪೀರನ ಫೋನು: "ಯಾವ ಜಾತಿ ಅಂತ ಬರೀಲಿ ಚೀಟಿ ಮ್ಯಾಲ?
ಬರೀದಿದ್ರ ಗಿರಾಕಿ ಕೇಳತಾರ."
"ಮಾರೂದಿಲ್ಲ, ಸಾಕತೇನಿ" ಅಂದೆ.

ನೋಟಬುಕ್ ತಗದೆ. ಗಂಡು. ಹೆಣ್ಣು.
ಗೆರಿ ಹೊಡದ ಎರಡು ಖಾನೆ, ಪೆನ್ನಿನ ಟೊಪ್ಪಿಗಿ ಬಾಯಾಗ,
ಅಷ್ಟರಾಗ ಓಣಿ ತುಂಬ ಕೊಡದ ಸಪ್ಪಳ,
ಎಂಟು ದಿನದ ಮ್ಯಾಲ ನಳ ಬಂದಿತ್ತು.
ಅವ್ವ ಒಳಗಿಂದ ಒದರಿದಳು:
"ಲಗೂ ಬಾ, ಮೀನಿಂದು ಆಮ್ಯಾಲ,
ಮೊದಲ ಬ್ಯಾಳಿಗೆ ಹಿಡಿ."